ಗಾಲಾ ರಾತ್ರಿಗೆ ಸೀರೆ, ಬಂದ್‌ಗಲಾ: ಕ್ವೀನ್ ಮೇರಿ 2ರಲ್ಲಿ ಉಡುಪಿನ ಲೆಕ್ಕಾಚಾರ

ಸೌತಾಂಪ್ಟನ್‌ನಿಂದ ನ್ಯೂಯಾರ್ಕ್ ಸೇರಲು ಕ್ಯೂನಾರ್ಡ್ ಕಂಪನಿಯ ಕ್ವೀನ್ ಮೇರಿ 2 ಹಡಗಿಗೆ ಸಾಮಾನ್ಯವಾಗಿ ಏಳು ರಾತ್ರಿ ಬೇಕು. ಅದರಲ್ಲಿ ಎರಡು ಗಾಲಾ ರಾತ್ರಿ, ಅಂದರೆ ಔಪಚಾರಿಕ ಉಡುಪಿನವು; ಉಳಿದ ಐದಕ್ಕೆ ‘ಸ್ಮಾರ್ಟ್’ ಉಡುಪು. ನಿಯಮ ಶುರುವಾಗುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ಟೀ ಶರ್ಟಿನಲ್ಲಿ ಓಡಾಡಿದರೂ ಯಾರ ಆಕ್ಷೇಪವೂ ಇಲ್ಲ.

ಗಾಲಾ ಎಂದರೆ ಗಂಡಸರಿಗೆ ಡಿನ್ನರ್ ಜಾಕೆಟ್, ಅಂದರೆ ಟಕ್ಸಿಡೊ. ಇಲ್ಲವೇ ಕಡುಬಣ್ಣದ ಸೂಟು, ಜತೆಗೆ ಬೋ ಟೈ ಅಥವಾ ಮಾಮೂಲಿ ಟೈ. ಹೆಂಗಸರಿಗೆ ಈವ್ನಿಂಗ್ ಗೌನ್, ಕಾಕ್‌ಟೇಲ್ ಡ್ರೆಸ್ ಅಥವಾ ಒಪ್ಪವಾದ ಟ್ರೌಸರ್ ಸೂಟು. ಕಂಪನಿಯ ನಿಯಮದಲ್ಲಿ ಇದರ ಕೆಳಗೆ ಇನ್ನೊಂದು ಮಾತಿದೆ, ನಮ್ಮವರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಓದುವುದೇ ಇಲ್ಲ: ಆಯಾ ದೇಶದ ಸಮಾರಂಭದ ಉಡುಪೂ ನಡೆಯುತ್ತದೆ. ಸ್ಕಾಟ್ಲೆಂಡಿನವರು ಕಿಲ್ಟ್ ತೊಟ್ಟು ಬರುವುದು ಈ ಮಾತಿನ ಬಲದಿಂದಲೇ. ರೇಷ್ಮೆ ಸೀರೆ, ಬಂದ್‌ಗಲಾ, ಶೇರ್ವಾನಿ ಮೂರೂ ಇದರಡಿ ಬರುತ್ತವೆ. ಬೆಂಗಳೂರಿನಿಂದ ಹೊರಡುವವರು ಟಕ್ಸಿಡೊ ಬಾಡಿಗೆಗೆ ಅಲೆಯುವ ಮೊದಲು ಒಮ್ಮೆ ಮನೆಯ ಬೀರು ತೆಗೆದು ನೋಡಬೇಕು.

ನಾನು ಮೊದಲು ಹಾಕುವುದು ತೂಕದ ಲೆಕ್ಕ. ಹಡಗಿನವರು ಸೂಟ್‌ಕೇಸ್ ಎಷ್ಟು ಎಂದು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಕೈ ಕಟ್ಟುವುದು ಲಂಡನ್‌ವರೆಗಿನ ವಿಮಾನದ 23 ಕಿಲೋ ಮಿತಿ. ಗಂಡಸಿಗೆ ಒಂದು ಕರಿ ಬಂದ್‌ಗಲಾ, ಅದೇ ಬಟ್ಟೆಯ ಪ್ಯಾಂಟು, ಒಂದು ಬ್ಲೇಜರ್, ಬೂದು ಪ್ಯಾಂಟು ಒಂದು, ಶರ್ಟು ನಾಲ್ಕು, ಕರಿ ಲೇಸ್ ಶೂ ಒಂದು ಜತೆ. ಇಷ್ಟರಲ್ಲಿ ಏಳೂ ರಾತ್ರಿ ಕಳೆಯುತ್ತದೆ. ಬಂದ್‌ಗಲಾ ಎರಡೂ ಗಾಲಾಕ್ಕೆ ಅದೇ ಆದರೆ ತಪ್ಪಿಲ್ಲ. ಟಕ್ಸಿಡೊದವರೂ ಅದನ್ನೇ ಮಾಡುತ್ತಾರೆ. ಸ್ಮಾರ್ಟ್ ರಾತ್ರಿಗೆ ಟೈ ಕಡ್ಡಾಯವಲ್ಲ. ಚಡ್ಡಿ, ಹರಿದ ಜೀನ್ಸ್, ಗಂಡಸರ ತೋಳಿಲ್ಲದ ಬನಿಯನ್ ಮಾತ್ರ ಬೇಡ.

ಬಂದ್‌ಗಲಾದಲ್ಲಿ ಕೆಡುವುದು ಕುತ್ತಿಗೆ. ಕಾಲರಿನ ಹುಕ್ ಹಾಕಿದ ಮೇಲೆ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಮದುವೆಗೆಂದು ಮೂರು ವರ್ಷದ ಹಿಂದೆ ಹೊಲಿಸಿದ್ದು ಈಗ ಉಸಿರು ಹಿಡಿಯುತ್ತದೆ, ಗಾಲಾ ಊಟವೋ ಸಾವಕಾಶದ್ದು, ಒಂದೂವರೆ ಗಂಟೆ ಕೂತಿರಬೇಕು. ಟೈಲರ್ ಹತ್ತಿರ ನಿಂತು ನೋಡಿದರೆ ಸಾಲದು, ಕುರ್ಚಿಯಲ್ಲಿ ಕೂತು ತಲೆ ಬಗ್ಗಿಸಿ ನೋಡಿ. ತೋಳು ಮಣಿಕಟ್ಟಿನ ಮೂಳೆಗೆ ನಿಂತು, ಒಳಗಿನ ಶರ್ಟಿನ ಕಫ್ ಅರ್ಧ ಇಂಚು ಇಣುಕಿದರೆ ಸರಿ. ಬಣ್ಣ ಕರಿ ಅಥವಾ ಮಧ್ಯರಾತ್ರಿಯ ನೀಲಿ. ದೀಪದ ಬೆಳಕಿನಲ್ಲಿ ಈ ನೀಲಿಯೇ ಕಪ್ಪಿಗಿಂತ ಕಪ್ಪಾಗಿ ಕಾಣುತ್ತದೆ. ಜರಿ ಕಸೂತಿ ತುಂಬಿದ ಮದುವೆ ಶೇರ್ವಾನಿ ಬೇಡ ಎನ್ನುವುದು ನನ್ನ ಅಭಿಪ್ರಾಯ. ನಿಯಮ ಅಡ್ಡ ಬರುವುದಿಲ್ಲ, ಆದರೆ ಕಸೂತಿಯ ಕಲ್ಲು ಪಕ್ಕದವರ ಸ್ಯಾಟಿನ್ ಗೌನಿಗೆ ಸಿಕ್ಕಿಕೊಳ್ಳುತ್ತದೆ.

ಟಕ್ಸಿಡೊವೇ ಬೇಕೆನ್ನುವವರಿಗೆ ಒಂದೆರಡು ಮಾತು. ಪ್ಯಾಂಟಿಗೆ ಬೆಲ್ಟಿನ ಲೂಪ್ ಇರಬಾರದು. ಸೊಂಟದಲ್ಲಿ ನಿಲ್ಲಿಸುವುದು ಸಸ್ಪೆಂಡರ್ ಅಥವಾ ಪಕ್ಕದ ಪಟ್ಟಿ. ಹೊರಬದಿಯ ಹೊಲಿಗೆಯ ಮೇಲೆ ಸ್ಯಾಟಿನ್ ಪಟ್ಟಿ ಇಳಿದಿರುತ್ತದೆ. ಕಮರ್‌ಬಂದ್, ಅಂದರೆ ಸೊಂಟಕ್ಕೆ ಸುತ್ತುವ ಮಡಿಕೆಯ ಅಗಲ ಪಟ್ಟಿ, ಕಟ್ಟುವಾಗ ಮಡಿಕೆಯ ಬಾಯಿ ಮೇಲ್ಮುಖವಾಗಿರಬೇಕು, ಎಷ್ಟೋ ಜನ ತಲೆಕೆಳಗೆ ಕಟ್ಟುತ್ತಾರೆ. ಅಂದಹಾಗೆ ಆ ಹೆಸರು ನಮ್ಮ ಕಡೆಯಿಂದಲೇ ಹೋದದ್ದು: ಇಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ವೇಸ್ಟ್‌ಕೋಟಿನ ಸೆಕೆ ತಾಳಲಾರದೆ ನಡುಕಟ್ಟನ್ನು ಹಿಡಿದರು. ಶರ್ಟಿಗೆ ಕಫ್‌ಲಿಂಕ್ ಮರೆತರೆ ಡಬಲ್ ಕಫ್ ಜೋತುಬೀಳುತ್ತದೆ. ಎರಡು ಕರಿ ಗುಂಡಿಗಳನ್ನು ದಾರದಿಂದ ಬೆನ್ನಿಗೆ ಬೆನ್ನು ಕಟ್ಟಿದರೆ ಒಂದು ರಾತ್ರಿಗೆ ಕಫ್‌ಲಿಂಕ್ ಆಯಿತು.

ಇನ್ನು ಸೀರೆ. ಗಾಲಾಕ್ಕೆ ನಾನು ಮೈಸೂರು ಕ್ರೇಪ್ ಸಿಲ್ಕ್ ಕಡೆಗೇ ವಾಲುತ್ತೇನೆ. ಜರಿಯ ಭಾರವಾದ ಕಂಚಿ ಸೀರೆಗೆ ಹೋಲಿಸಿದರೆ ತೂಕ ಬಹಳ ಕಡಿಮೆ, ಸೂಟ್‌ಕೇಸಿನಲ್ಲಿ ಮುದುರಿದರೂ ನೇತುಹಾಕಿದ ಮೇಲೆ ಸುಕ್ಕು ಬಿಟ್ಟುಕೊಳ್ಳುತ್ತದೆ. ತೊಂದರೆ ಒಂದೇ, ಜಾರುತ್ತದೆ. ಸ್ಯಾಟಿನ್ ಲಂಗದ ಮೇಲೆ ಉಟ್ಟರೆ ಊಟದ ಹೊತ್ತಿಗೆ ನೆರಿಗೆ ಎರಡು ಇಂಚು ಇಳಿದಿರುತ್ತದೆ. ಹತ್ತಿ ಲಂಗ, ಬಿಗಿಯಾದ ಲಾಡಿ, ನೆರಿಗೆ ಸಿಕ್ಕಿಸಿದ ಕಡೆ ಒಳಗಿನಿಂದ ಒಂದು ದಪ್ಪ ಪಿನ್ನು. ಒಟ್ಟು ಎಂಟು ಪಿನ್ನು ಇಟ್ಟುಕೊಳ್ಳಿ: ಭುಜಕ್ಕೆ ಎರಡು, ನೆರಿಗೆಗೆ ಒಂದು, ಸೆರಗಿನ ಹಿಂಬದಿಗೆ ಒಂದು, ಉಳಿದ ನಾಲ್ಕು ಕಳೆದುಹೋಗಲಿಕ್ಕೆ.

ಸೀರೆಯನ್ನು ಊರಿನಲ್ಲೇ ಬಾಕ್ಸ್ ಫೋಲ್ಡಿಂಗ್ ಮಾಡಿಸಿಕೊಂಡು ಹೋಗುವುದು ಸುಲಭ. ನೆರಿಗೆ, ಸೆರಗು ಇಸ್ತ್ರಿಯಾಗಿ ಕ್ಲಿಪ್ಪಿನಲ್ಲಿ ಕೂತಿರುತ್ತವೆ, ಹಡಗಿನಲ್ಲಿ ಉಡಲು ಹತ್ತು ನಿಮಿಷ ಸಾಕು. ಆದರೆ ಮಾಡಿಸುವಾಗ ಹಡಗಿನಲ್ಲಿ ಹಾಕುವ ಚಪ್ಪಲಿಯನ್ನೇ ಮೆಟ್ಟಿ ಎತ್ತರ ಅಳೆಸಿ. ಅಂಚು ನೆಲದಿಂದ ಒಂದು ಇಂಚು ಮೇಲಿರಲಿ. ಮನೆಯಲ್ಲಾದರೆ ನೆಲ ಗುಡಿಸುವಷ್ಟು ಉದ್ದ ಚೆಂದ. ಅಟ್ಲಾಂಟಿಕ್‌ನಲ್ಲಿ ಹಡಗು ವಾಲಿದಾಗ ಮೆಟ್ಟಿಲ ಮೇಲೆ ಅಂಚು ತುಳಿದರೆ ಕೈಗೆ ರೇಲಿಂಗ್ ಸಿಗುವುದು ಅದೃಷ್ಟ. ಹಿಮ್ಮಡಿ ಎರಡು ಇಂಚಿನೊಳಗೆ, ಅಗಲವಾದದ್ದು. ಪೆನ್ಸಿಲ್ ಹೀಲ್ ಡೆಕ್ಕಿನ ತೇಗದ ಹಲಗೆಗಳ ಸಂದಿಗೆ ಇಳಿದು ನಿಂತುಬಿಡುತ್ತದೆ. ಸೆರಗನ್ನು ಬಿಡಿಯಾಗಿ ಇಳಿಬಿಡುವವರು ಹೊರಗಿನ ಡೆಕ್ಕಿಗೆ ಫೋಟೊ ತೆಗೆಸಲು ಹೋಗಬೇಡಿ, ಅಲ್ಲಿಯ ಗಾಳಿಗೆ ಅದು ಬಾವುಟ. ನೆರಿಗೆ ಹಿಡಿದು ಪಿನ್ ಹಾಕಿದ ಸೆರಗೇ ಕ್ಷೇಮ. ಊಟದ ಹಾಲಿನ ಏಸಿಗೆ ಒಂದು ಶಾಲೂ ಇರಲಿ.

ಮಲ್ಲಿಗೆ ದಂಡೆಯ ಆಸೆ ಬೇಡ. ಎರಡನೇ ಗಾಲಾದ ಹೊತ್ತಿಗೆ ಅದು ಒಣಗಿರುತ್ತದೆ, ನ್ಯೂಯಾರ್ಕ್‌ನಲ್ಲಿ ಇಳಿಯುವಾಗ ಹೂವು, ಹಣ್ಣು, ಗಿಡದ ವಸ್ತು ಏನಿದ್ದರೂ ಕಸ್ಟಮ್ಸ್‌ಗೆ ಹೇಳಬೇಕು. ಬಟ್ಟೆಯ ಮಲ್ಲಿಗೆ ಚಿಕ್ಕಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ.

ಗಾಲಾ ರಾತ್ರಿಗಳಿಗೆ ಸಾಮಾನ್ಯವಾಗಿ ಒಂದೊಂದು ವಿಷಯ ಇಟ್ಟಿರುತ್ತಾರೆ: ಕಪ್ಪು-ಬಿಳುಪು, ಮುಖವಾಡ, ಕೆಂಪು-ಬಂಗಾರ, ಹೀಗೆ. ಪಾಲಿಸಲೇಬೇಕೆಂದಿಲ್ಲ. ನಿಮ್ಮ ಪ್ರಯಾಣಕ್ಕೆ ಯಾವುದು ಎಂದು ಹೊರಡುವ ಮೊದಲು ಬುಕಿಂಗ್ ಖಾತೆಯಲ್ಲಿ ನೋಡಿ ಸೀರೆ ಆರಿಸಿದರೆ ಸಾಕು. ಕೆಂಪು-ಬಂಗಾರಕ್ಕೆ ನಮ್ಮ ಬೀರುವಿನಲ್ಲಿ ಬರವಿಲ್ಲ. ಕಪ್ಪು-ಬಿಳುಪಿಗೆ ಗಂಡಸರ ಹತ್ತಿರ ಒಂದು ತುರುಪು ಇದೆ: ಮೈಸೂರು ದರ್ಬಾರಿನ ಬಿಳಿ ಪ್ಯಾಂಟು, ಕರಿ ಉದ್ದ ಕೋಟು, ತಲೆಗೆ ಪೇಟ. ಕಟ್ಟಿದ ಪೇಟವನ್ನು ಗಟ್ಟಿ ರಟ್ಟಿನ ಡಬ್ಬಿಯಲ್ಲಿಟ್ಟು, ಒಳಗೆ ಸಾಕ್ಸ್ ತುಂಬಿ, ಕೈಯಲ್ಲೇ ಒಯ್ಯಬೇಕು. ಪಂಚೆ? ಮೇಲೆ ಕೋಟು, ಜರಿ ಶಲ್ಯ ಇದ್ದರೆ ಅದೂ ಸಮಾರಂಭದ ಉಡುಪೇ, ಆದರೆ ಕಚ್ಚೆ ಹಾಕಿ ಉಡಿ. ವಾಲುವ ಹಡಗಿನಲ್ಲಿ ಸುತ್ತುಪಂಚೆಯನ್ನು ನಂಬುವಂತಿಲ್ಲ. ಮುಖವಾಡದ ರಾತ್ರಿಗೆ ಕನ್ನಡಕದವರು ಎಲಾಸ್ಟಿಕ್ಕಿನದು ಬಿಟ್ಟು ಕೋಲಿನ ಮುಖವಾಡ ತೆಗೆದುಕೊಳ್ಳಲಿ.

ಹಡಗು ಹತ್ತುವ ದಿನ ದೊಡ್ಡ ಸೂಟ್‌ಕೇಸುಗಳನ್ನು ಬಂದರಿನಲ್ಲೇ ಒಪ್ಪಿಸುತ್ತೇವೆ. ಅವು ಕ್ಯಾಬಿನ್ ಬಾಗಿಲಿಗೆ ಬರುವಾಗ ಕೆಲವು ಸಲ ರಾತ್ರಿಯಾಗುತ್ತದೆ. ಮೊದಲ ರಾತ್ರಿ ಗಾಲಾ ಇಡದಿರಲು ಅದೇ ಕಾರಣ. ಇಸ್ತ್ರಿಪೆಟ್ಟಿಗೆ, ಬಟ್ಟೆಯ ಸ್ಟೀಮರ್ ಒಯ್ಯಬೇಡಿ. ಬೆಂಕಿಯ ಭಯಕ್ಕೆ ಎರಡೂ ನಿಷಿದ್ಧ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಸೂಟ್‌ಕೇಸ್ ಬಂದ ತಕ್ಷಣ ಎಲ್ಲವನ್ನೂ ಹ್ಯಾಂಗರಿಗೆ ಏರಿಸಿ, ಸ್ನಾನದ ಬಿಸಿನೀರು ಹರಿಯುವಾಗ ಬಂದ್‌ಗಲಾವನ್ನು ಬಾತ್‌ರೂಮಿನಲ್ಲಿ ಹದಿನೈದು ನಿಮಿಷ ತೂಗುಹಾಕಿದರೆ ಅರ್ಧ ಸುಕ್ಕು ಹೋಗುತ್ತದೆ. ಜರಿ ಸೀರೆಗೆ ಈ ಉಪಾಯ ಬೇಡ, ತೇವಕ್ಕೆ ಜರಿ ಕಪ್ಪಾಗುತ್ತದೆ. ಕ್ಯಾಬಿನ್ ಗೋಡೆ ಉಕ್ಕಿನದು, ಆಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಬೀರುವಿನ ಹೊರಗೂ ಬಟ್ಟೆ ನೇತುಹಾಕಬಹುದು.

ಇಸ್ತ್ರಿ ಮಾಡಲೇಬೇಕಾದರೆ ಪ್ರಯಾಣಿಕರ ಲಾಂಡ್ರಿ ಕೋಣೆಯಿದೆ, ಬಾಡಿಗೆಯಿಲ್ಲ. ಗಾಲಾ ದಿನ ಮಧ್ಯಾಹ್ನ ನಾಲ್ಕರ ಮೇಲೆ ಅಲ್ಲಿ ಹೋದರೆ ಸಾಲು, ಗೊಣಗಾಟ ಎರಡೂ ಕಾದಿರುತ್ತವೆ. ಹಿಂದಿನ ದಿನ ರಾತ್ರಿಯೂಟದ ಹೊತ್ತು ಅಥವಾ ಬೆಳಿಗ್ಗೆ ಬೇಗ ಹೋಗಿ. ಪಶ್ಚಿಮಕ್ಕೆ ಹೋಗುವಾಗ ಹೆಚ್ಚಿನ ರಾತ್ರಿ ಗಡಿಯಾರ ಒಂದು ಗಂಟೆ ಹಿಂದೆ ಸರಿಯುವುದರಿಂದ ಹೇಗೂ ಬೇಗ ಎಚ್ಚರವಾಗುತ್ತದೆ. ರೇಷ್ಮೆಗೆ ಕಡಿಮೆ ಶಾಖ, ಮೇಲೊಂದು ಹತ್ತಿ ಕರ್ಚೀಫು. ಆ ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಯಾರದೋ ನೈಲಾನ್ ಕರಗಿ ಹತ್ತಿರಬಹುದು, ಮೊದಲು ಹಳೆ ಬಟ್ಟೆಯ ಮೇಲೆ ಒಮ್ಮೆ ಎಳೆಯಿರಿ.

ಅಲಂಕಾರ ಬೇಡವೆನಿಸಿದ ಸಂಜೆ ಕಿಂಗ್ಸ್ ಕೋರ್ಟ್ ಬಫೆ, ಗೋಲ್ಡನ್ ಲಯನ್ ಪಬ್, ಕರಿಂಥಿಯಾ ಲೌಂಜ್, ಕ್ಯಾಸಿನೊಗಳಲ್ಲಿ ಸಾಧಾರಣ ಬಟ್ಟೆ ನಡೆಯುತ್ತದೆ. ಬ್ರಿಟಾನಿಯಾ ರೆಸ್ಟೊರೆಂಟ್, ಕ್ವೀನ್ಸ್ ರೂಮಿನ ನೃತ್ಯ ಅಂದು ಇಲ್ಲ, ಅಷ್ಟೆ. ಮಕ್ಕಳಿದ್ದರೆ ಎರಡನೇ ಗಾಲಾವನ್ನು ಹೀಗೆ ಕಳೆಯುವುದೇ ಜಾಣತನ.

ಬೇರೆ ಕಂಪನಿಗಳ ಹಡಗಿಗೆ ಈ ಲೆಕ್ಕ ಹೊಂದದು. ನಾರ್ವೇಜಿಯನ್‌ನಲ್ಲಿ ಔಪಚಾರಿಕ ರಾತ್ರಿಯ ಕಡ್ಡಾಯವಿಲ್ಲ; ಕಾರ್ನಿವಲ್‌ನಲ್ಲಿ ‘ಎಲಿಗೆಂಟ್’, ಸೆಲೆಬ್ರಿಟಿಯಲ್ಲಿ ‘ಈವ್ನಿಂಗ್ ಚಿಕ್’ ಎಂಬ ಸಡಿಲ ನಿಯಮ. ಅಲ್ಲಿ ಒಂದು ಸೀರೆ, ಒಂದು ಬ್ಲೇಜರ್ ಧಾರಾಳ.

ಕೊನೆಯ ರಾತ್ರಿಯೂ ಗಾಲಾ ಇರುವುದಿಲ್ಲ, ಅಂದು ಸೂಟ್‌ಕೇಸುಗಳನ್ನು ಕಟ್ಟಿ ಕ್ಯಾಬಿನ್ ಹೊರಗೆ ಇಡಬೇಕು. ಸೀರೆಗಳನ್ನು ಹಳೆಯ ಮಡಿಕೆ ಬಿಟ್ಟು ಬೇರೆ ಗೆರೆಯಲ್ಲಿ ಮಡಚಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪಿನ್ನುಗಳನ್ನು ಎಣಿಸಿ ತೆಗೆದಿಡಿ. ರೇಷ್ಮೆಯಲ್ಲಿ ಉಳಿದ ಪಿನ್ನು ತುಕ್ಕಿನ ಕಲೆ ಬಿಡುತ್ತದೆ. ಬೀಗ ಹಾಕುವ ಮೊದಲು ಮರುದಿನ ಬೆಳಿಗ್ಗೆ ಹಾಕುವ ಪ್ಯಾಂಟು, ಶೂ ಕ್ಯಾಬಿನ್ನಿನಲ್ಲೇ ಇವೆಯೇ ನೋಡಿಕೊಳ್ಳಿ.