ಬೇರೆ ರಾಜ್ಯದಿಂದ ತೋಟಕ್ಕೆ ಬಂದವರಿಗೆ ನಾನು ರೇಷನ್ ಕೊಡಿಸುವ ರೀತಿ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ, ಬಟವಾಡೆ ನನ್ನ ಕೆಲಸ. ಕೊಯ್ಲು ಶುರುವಾಗುವ ಹೊತ್ತಿಗೆ ಜಾರ್ಖಂಡ್, ಅಸ್ಸಾಂ ಕಡೆಯ ಕುಟುಂಬಗಳು ಬರುತ್ತವೆ. ಅರೇಬಿಕಾ ಮುಗಿದು ರೋಬಸ್ಟಾ ಮುಗಿಯುವ ತನಕ ಲೈನ್ ಮನೆಯಲ್ಲೇ ಇರುತ್ತವೆ. ಅಷ್ಟು ತಿಂಗಳು ಅಂಗಡಿ ಅಕ್ಕಿ ಕೊಂಡು ಉಂಡರೆ ಊರಿಗೆ ಕಳಿಸಲು ಏನು ಉಳಿಯುತ್ತದೆ? ಹಾಗಾಗಿ ಅವರಿಗೆ ರೇಷನ್ ಕೊಡಿಸುವ ಕೆಲಸವನ್ನೂ ನಾನೇ ವಹಿಸಿಕೊಂಡೆ.

ಬಂದವರಿಗೆ ನಾನು ಹೇಳುವ ಮೊದಲ ಮಾತು ಒಂದೇ: ಊರಿನ ಕಾರ್ಡನ್ನು ರದ್ದು ಮಾಡಿಸಬೇಡಿ. 'ಇಲ್ಲೇ ಹೊಸ ಕಾರ್ಡ್ ಮಾಡಿಸಿಕೊಡುತ್ತೇವೆ' ಎಂದು ಹೇಳುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಇಲ್ಲಿ ಹೊಸ ಅರ್ಜಿ ಬೇಕೆಂದಾಗ ತೆಗೆದುಕೊಳ್ಳುವುದಿಲ್ಲ. ಎರಡು ರಾಜ್ಯದಲ್ಲಿ ಕಾರ್ಡ್ ಇಟ್ಟುಕೊಳ್ಳುವಂತೆಯೂ ಇಲ್ಲ. ಊರಿನದು ಹೋಗಿ ಇಲ್ಲಿಯದು ಆಗದಿದ್ದರೆ ಮನೆಮಂದಿಯೆಲ್ಲ ಕೈ ಬೀಸಿಕೊಂಡು ನಿಲ್ಲಬೇಕಾಗುತ್ತದೆ. ಹೊಸ ಕಾರ್ಡಿನ ಅಗತ್ಯವೂ ಇಲ್ಲ. ಒಂದು ರಾಜ್ಯದ ಕಾರ್ಡಿಗೆ ಬೇರೆ ರಾಜ್ಯದಲ್ಲೂ ರೇಷನ್ ಕೊಡುವ 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಗೆ ಕರ್ನಾಟಕ 2020ರ ಜನವರಿಯಲ್ಲೇ ಸೇರಿದೆ. 2022ರ ಜೂನ್‌ನಲ್ಲಿ ಅಸ್ಸಾಂ ಕೂಡ ಸೇರಿದ ಮೇಲೆ ಯಾವ ರಾಜ್ಯವೂ ಹೊರಗೆ ಉಳಿದಿಲ್ಲ.

ಆಮೇಲೆ ಕಾರ್ಡಿನ ಬಣ್ಣ ನೋಡುತ್ತೇನೆ. ಜಾರ್ಖಂಡ್‌ನವರದು ಗುಲಾಬಿ ಅಥವಾ ಹಳದಿ ಕಾರ್ಡ್ ಆಗಿದ್ದರೆ ಅದು 2013ರ ಆಹಾರ ಭದ್ರತಾ ಕಾಯ್ದೆಯದು, ಇಲ್ಲೂ ನಡೆಯುತ್ತದೆ. ಹಸಿರು ಕಾರ್ಡ್ ಆ ರಾಜ್ಯ ತನ್ನದೇ ದುಡ್ಡಿನಲ್ಲಿ ಕೊಡುವುದು, ಅದಕ್ಕೆ ಇಲ್ಲಿ ಅಕ್ಕಿ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಒಂದು ದಿನದ ಕೂಲಿ ಬಿಟ್ಟು ಸೊಸೈಟಿ ಮುಂದೆ ನಿಂತು ಬರಿಗೈಲಿ ಬರುವುದು ಸಣ್ಣ ಸಂಕಟವಲ್ಲ, ಅಲ್ವಾ?

ಸೊಸೈಟಿಗೆ ಕಾರ್ಡನ್ನೇ ಒಯ್ಯಬೇಕೆಂದಿಲ್ಲ. ಕಾರ್ಡ್ ನಂಬರ್ ಅಥವಾ ಆಧಾರ್ ನಂಬರ್ ಸಾಕು. ಆದರೆ ಕಾರ್ಡಿಗೆ ಆಧಾರ್ ಜೋಡಣೆ ಆಗಿರಬೇಕು, ಬೆರಳು ಕೊಡುವವರ ಹೆಸರು ಅದೇ ಕಾರ್ಡಿನಲ್ಲಿರಬೇಕು. ನಮ್ಮಲ್ಲಿ ಜಾಸ್ತಿ ಕಾಡುವುದು ಈ ಬೆರಳೇ. ದಿನವಿಡೀ ಹಣ್ಣು ಕಿತ್ತ ಕೈಯಲ್ಲಿ ಗೆರೆ ಸವೆದಿರುತ್ತದೆ, ಅಂಟಿದ ಕರೆ ಸುಲಭಕ್ಕೆ ಹೋಗುವುದಿಲ್ಲ. ಮಿಷಿನ್ ತೆಗೆದುಕೊಳ್ಳುವುದೇ ಇಲ್ಲ. ಅದಕ್ಕೆ ಕೆಲಸಕ್ಕೆ ರಜೆ ಇರುವ ದಿನ, ಕೈ ಚೆನ್ನಾಗಿ ತೊಳೆಸಿ, ಬೆಳಿಗ್ಗೆಯೇ ಕರೆದುಕೊಂಡು ಹೋಗುತ್ತೇನೆ. ಗಂಡನ ಬೆರಳು ಬಾರದಿದ್ದರೆ ಹೆಂಡತಿಯದು, ಅದೂ ಇಲ್ಲವೆಂದರೆ ದೊಡ್ಡ ಮಗನದು.

'ಹೊರಗಿನವರಿಗೆ ಕೊಟ್ಟರೆ ನಮ್ಮವರಿಗೆ ಕಡಿಮೆ ಬೀಳುತ್ತದೆ' ಎಂದು ಒಂದು ಅಂಗಡಿಯಲ್ಲಿ ವಾಪಸ್ ಕಳಿಸಿದ್ದರು. ನಾನು ಜಗಳಕ್ಕೆ ನಿಲ್ಲಲಿಲ್ಲ. "ಅಣ್ಣಾ, ಮಿಷಿನ್‌ನಲ್ಲಿ ಬೇರೆ ರಾಜ್ಯದ್ದು ಅಂತ ಒತ್ತಿ ನೋಡಿ, ಬಾರದಿದ್ದರೆ ಹೋಗುತ್ತೇವೆ" ಎಂದೆ. ಒತ್ತಿದರು, ಬಂತು. ಈಗ ಅವರೇ ಯಾವತ್ತು ಬರಬೇಕು ಅಂತ ಫೋನ್ ಮಾಡಿ ಹೇಳುತ್ತಾರೆ. ಹಾಗೂ ಕೊಡದಿದ್ದರೆ 14445ಕ್ಕೆ ಫೋನ್ ಮಾಡಬಹುದು. ದುಡ್ಡು ಕಟ್ಟಬೇಕಿಲ್ಲ.

ಎಷ್ಟು ಸಿಗುತ್ತದೆ ಎಂಬುದನ್ನೂ ಸರಿಯಾಗಿ ಹೇಳಬೇಕು. ಕೇಂದ್ರದ ಪಾಲು ತಲೆಗೆ 5 ಕಿಲೋ, ತೀರಾ ಬಡವರ ಅಂತ್ಯೋದಯ ಕಾರ್ಡಿಗಾದರೆ ಮನೆಗೆ 35 ಕಿಲೋ. 2023ರ ಜನವರಿಯಿಂದ ಅದು ಉಚಿತ. ಅನ್ನಭಾಗ್ಯದಲ್ಲಿ ನಮ್ಮ ಸರ್ಕಾರ ಸೇರಿಸಿ ಕೊಡುವುದು ಅವರಿಗಿಲ್ಲ. ಶಕ್ತಿ ಯೋಜನೆಯ ಉಚಿತ ಬಸ್, ಗೃಹಲಕ್ಷ್ಮಿಯ 2,000 ರೂಪಾಯಿ ಕೂಡ ಇಲ್ಲ. ಪಕ್ಕದ ಸಾಲಿನಲ್ಲಿ ಕೊಯ್ಯುವ ನಮ್ಮೂರಿನ ಹೆಂಗಸಿಗೆ ಸಿಗುವುದು ಇವಳಿಗಿಲ್ಲ ಅಂದಾಗ ನನಗೆ ಬೇಜಾರಾಗುತ್ತದೆ. ಮುಚ್ಚಿಟ್ಟರೆ ಇನ್ನೂ ಕೆಟ್ಟದು. ಅಜ್ಜ ಅಜ್ಜಿ ಊರಲ್ಲೇ ಇದ್ದರೆ ಪೂರ್ತಿ ಇಲ್ಲೇ ಎತ್ತಬೇಡಿ, ಅವರ ಪಾಲು ಅಲ್ಲಿಗೆ ಬಿಡಿ ಎಂದೂ ಹೇಳುತ್ತೇನೆ. ಒಂದೇ ಕಾರ್ಡಿನಲ್ಲಿ ಅರ್ಧ ಇಲ್ಲಿ, ಅರ್ಧ ಅಲ್ಲಿ ತೆಗೆದುಕೊಳ್ಳಲು ಅವಕಾಶ ಇದೆ.

ಅಂಗನವಾಡಿಗೆ ಯಾವ ರಾಜ್ಯದವರು ಎಂಬ ಲೆಕ್ಕ ಬರುವುದಿಲ್ಲ. ಬಸುರಿ, ಬಾಣಂತಿ, ಆರು ವರ್ಷದೊಳಗಿನ ಮಕ್ಕಳು ಎಲ್ಲಿದ್ದಾರೋ ಅಲ್ಲೇ ಆಹಾರ ಪಡೆಯಬಹುದು. ಟೀಚರ್‌ಗೆ ಹೇಳಿದರೆ ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಊರಿನಲ್ಲಿರುವ ಅವರ ಹೆಸರನ್ನು ಇಲ್ಲಿಗೆ ವರ್ಗ ಮಾಡಿಕೊಳ್ಳುತ್ತಾರೆ. ಊರಿನ ಆಯುಷ್ಮಾನ್ ಕಾರ್ಡ್ ಕೂಡ ಇಲ್ಲಿನ ನೋಂದಾಯಿತ ಆಸ್ಪತ್ರೆಗಳಲ್ಲಿ ನಡೆಯುತ್ತದೆ.

ಇಲ್ಲೇ ಹೆರಿಗೆಯಾದರೆ ಮಗುವಿನ ಜನನ ಪ್ರಮಾಣಪತ್ರವನ್ನು ಅವರು ಊರಿಗೆ ಹೊರಡುವ ಮೊದಲೇ ಕೈಗೆ ಕೊಡಿಸುತ್ತೇನೆ. ಊರಿನ ಕಾರ್ಡಿಗೆ ಆ ಮಗುವಿನ ಹೆಸರು ಸೇರಿಸಲು ಅದನ್ನೇ ಕೇಳುತ್ತಾರೆ. ರೈಲು ಹತ್ತಿ ಹೋದ ಮೇಲೆ ಅಲ್ಲಿ ಕೂತು ಇಲ್ಲಿಂದ ತರಿಸಿಕೊಳ್ಳುವುದು ಅವರಿಗೆ ತುಂಬಾ ಕಷ್ಟ.