ನಮ್ಮ ಮೊಲ ಊಟ ಬಿಟ್ಟಿದ್ದು ಹಲ್ಲಿನ ನೋವಿಗೆ

ನಮ್ಮ ಮೊಲ ಚಿನ್ನು ತಟ್ಟೆಯ ಹತ್ತಿರ ಬರುತ್ತಿತ್ತು, ಸೊಪ್ಪು ಬಾಯಿಗೆ ತೆಗೆದುಕೊಂಡು ಬೀಳಿಸಿಬಿಡುತ್ತಿತ್ತು. ಅಂದರೆ ಹಸಿವಿದೆ, ತಿನ್ನೋಕೆ ಆಗ್ತಿಲ್ಲ ಅಂತ ಅಲ್ವಾ? ಗದ್ದ ಜೊಲ್ಲಿನಿಂದ ಒದ್ದೆ, ಹಿಕ್ಕೆಯೂ ತೀರಾ ಸಣ್ಣ. ಮೊಲ 12 ಗಂಟೆ ಏನೂ ತಿನ್ನದಿದ್ದರೆ ಕರುಳಿನ ಚಲನೆ ನಿಂತು ಜೀವಕ್ಕೇ ಅಪಾಯವಾಗಬಹುದು. ಹಾಗಾಗಿ ಬೆಳಗಿನವರೆಗೆ ಕಾಯದೆ, ಮೊಲಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರ ಹತ್ತಿರ ಹೋದೆವು.

ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಒಣಹುಲ್ಲನ್ನು ಚೆನ್ನಾಗಿ ಅಗಿದರೇ ಅದು ಸವೆಯುವುದು. ಚಿನ್ನುವಿನ ದವಡೆ ಹಲ್ಲು ಚೂಪಾಗಿ ಬೆಳೆದು ನಾಲಿಗೆಗೆ ಚುಚ್ಚುತ್ತಿತ್ತು. ವೈದ್ಯರು ಅರಿವಳಿಕೆ ಕೊಟ್ಟು ಹಲ್ಲಿನ ಚೂಪು ತುದಿಗಳನ್ನು ತೇದು ಸರಿಮಾಡಿದರು. ನೋವಿಗೆ ಔಷಧಿಯನ್ನೂ ಕೊಟ್ಟರು. ತಾನಾಗಿ ತಿನ್ನುವ ತನಕ ಸಿರಿಂಜಿನಲ್ಲಿ ಆಹಾರ ಕೊಟ್ಟೆವು. ಈಗ ಒಣಹುಲ್ಲೇ ಜಾಸ್ತಿ, ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ) ಸ್ವಲ್ಪ. ವಾರಕ್ಕೊಮ್ಮೆ ತೂಕವನ್ನೂ ನೋಡುತ್ತೇವೆ.