ಮಳೆ ಬರುವಾಗಲೇ ಮನೆ ತೋರಿಸಿ

ನಮ್ಮ ಮನೆ ನೋಡಲು ಬಂದವರಲ್ಲಿ ಮೊದಲನೆಯವರು ಮೆಟ್ಟಿಲ ಮೇಲೆ ಜಾರಿ ಬಿದ್ದರು. 2022ರ ಜೂನ್ ಕೊನೆ ಅದು. ಬೆಂಗಳೂರಿನ ಗಂಡ ಹೆಂಡತಿ, ಜೊತೆಗೆ ವಯಸ್ಸಾದ ಅತ್ತೆ. ರಸ್ತೆಯಿಂದ ಮನೆಗೆ ಹದಿನೆಂಟು ಮೆಟ್ಟಿಲು ಹತ್ತಬೇಕು. ಅಷ್ಟೂ ಮೆಟ್ಟಿಲಿಗೆ ಪಾಚಿ ಕಟ್ಟಿತ್ತು. ಮೂವತ್ತು ವರ್ಷ ಅದರ ಮೇಲೇ ಓಡಾಡಿದ ನಮ್ಮ ಕಣ್ಣಿಗೆ ಪಾಚಿ ಬೀಳುತ್ತಲೇ ಇರಲಿಲ್ಲ. ಅತ್ತೆಯವರು ಏಳನೇ ಮೆಟ್ಟಿಲಲ್ಲಿ ದೊಪ್ಪನೆ ಕೂತುಬಿಟ್ಟರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಕಾಫಿ ಕುಡಿದರು, ಮನೆಯೊಳಗೆ ಒಂದು ಸುತ್ತು ಹಾಕಿದರು, "ಫೋನ್ ಮಾಡ್ತೀವಿ ಅಮ್ಮ" ಎಂದು ಹೋದರು. ಇವತ್ತಿಗೂ ಫೋನ್ ಬಂದಿಲ್ಲ.

ಮಡಿಕೇರಿ ಅಂಚಿನ ಆ ಮನೆ ಮಾರಲು ನಮಗೆ ಇಪ್ಪತ್ತೆರಡು ತಿಂಗಳು ಹಿಡಿಯಿತು. ನಮ್ಮಿಬ್ಬರ ಮಂಡಿಯೂ ಮೆಟ್ಟಿಲಿಗೆ ಸೋತಿತ್ತು, ಮಗಳು ಮೈಸೂರಿಗೆ ಬನ್ನಿ ಎನ್ನುತ್ತಿದ್ದಳು. ಮೂರು ತಿಂಗಳಲ್ಲಿ ಮಾರಿಬಿಡಬಹುದು ಎಂದುಕೊಂಡಿದ್ದೆವು. ಆಗ ಮಾಡಿದ ತಪ್ಪುಗಳನ್ನೂ, ತಡವಾಗಿ ಕಲಿತದ್ದನ್ನೂ ಬರೆಯುತ್ತಿದ್ದೇನೆ. ಈಗ ನಮ್ಮ ಕಡೆ ಮಾರಾಟದ ಬೋರ್ಡ್ ಹಾಕಿಕೊಂಡು ಕೂತಿರುವವರಿಗೆ ಏನಾದರೂ ಉಪಯೋಗಕ್ಕೆ ಬಂದೀತು.

ಮೊದಲು ಆ ಪಾಚಿಯ ವಿಷಯ. ಒಂದು ಬಕೆಟ್ ನೀರಿಗೆ ಎರಡು ಹಿಡಿ ಬ್ಲೀಚಿಂಗ್ ಪೌಡರ್ ಕದಡಿ, ಮಳೆ ಬಿಟ್ಟ ಹೊತ್ತು ನೋಡಿ ಮೆಟ್ಟಿಲಿಗೆ ಸುರಿಯಿರಿ. ಇಪ್ಪತ್ತು ನಿಮಿಷ ಬಿಟ್ಟು ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿ, ಧಾರಾಳವಾಗಿ ನೀರು ಹೊಯ್ಯಿರಿ. ಕೈಗೆ ಗ್ಲೌಸ್ ಇರಲಿ. ಬೇಗ ಹೋಗಲಿ ಎಂದು ಕಕ್ಕಸು ತೊಳೆಯುವ ಆಸಿಡ್ ಮಾತ್ರ ಅದಕ್ಕೆ ಬೆರೆಸಬೇಡಿ, ಏಳುವ ಗಾಳಿ ವಿಷ. ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ಇದನ್ನು ಮಾಡಲೇಬೇಕು. ಕಾಲುದಾರಿಯ ಎರಡೂ ಬದಿ ಹುಲ್ಲು ಕಡಿಸಿ, ಅಂಚಿಗೆ ಸುಣ್ಣದ ಪುಡಿ ಉದುರಿಸಿ. ಜಿಗಣೆ ನಮಗೆ ಲೆಕ್ಕಕ್ಕಿಲ್ಲ. ಆದರೆ ಬೆಂಗಳೂರಿನ ಮಗುವಿನ ಕಾಲಿಗೆ ಒಂದು ಜಿಗಣೆ ಹತ್ತಿದರೆ, ಆ ತಾಯಿಗೆ ನಿಮ್ಮ ಮನೆಯ ಬೀಟೆ ಬಾಗಿಲೂ ಕಾಣುವುದಿಲ್ಲ, ಕಿಟಕಿಯಾಚೆಯ ಬೆಟ್ಟವೂ ಕಾಣುವುದಿಲ್ಲ.

ಎರಡನೆಯದು, ಮುಚ್ಚಿಟ್ಟ ಮನೆ. ಮೊದಲ ವರ್ಷ ಡಿಸೆಂಬರಿನಲ್ಲಿ ನಾವು ಮೈಸೂರಿಗೆ ಹೋಗಿ ಮನೆಗೆ ಬೀಗ ಹಾಕಿದೆವು. ಮುಂದಿನ ಜೂನ್ ನಡುವಿಗೆ ಬಂದು ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಬೀರುವಿನ ಬಟ್ಟೆಗೆ ಬೂಷ್ಟು, ದೇವರ ಕೋಣೆ ಮೂಲೆಯಲ್ಲಿ ಹಸಿರು. ಮಡಿಕೇರಿಯಲ್ಲಿ ವರ್ಷಕ್ಕೆ ನೂರಿಪ್ಪತ್ತು ಇಂಚು ಮಳೆ ಮಾಮೂಲಿ. ಇಲ್ಲಿ ಜನ ಇಲ್ಲದ ಮನೆಯನ್ನು ಮಳೆ ತಿನ್ನುತ್ತದೆ. ಆಮೇಲೆ ವಾರಕ್ಕೆ ಎರಡು ದಿನ ಬಂದು ಕಿಟಕಿ, ಬೀರು, ಅಟ್ಟ ಎಲ್ಲ ತೆರೆದಿಡಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದೆವು. ಕೊಟ್ಟ ಸಂಬಳ ಒಂದು ಪೈಸೆಯೂ ದಂಡವಾಗಲಿಲ್ಲ. ಬೀರುವಿನೊಳಗೆ ಬಟ್ಟೆಯಲ್ಲಿ ಕಟ್ಟಿದ ಇದ್ದಿಲು ಇಟ್ಟರೆ ಶೀತ ಎಳೆದುಕೊಳ್ಳುತ್ತದೆ. ಯಾರಾದರೂ ನೋಡಲು ಬರುವ ದಿನ ಬೆಳಿಗ್ಗೆಯೇ ಬಚ್ಚಲ ಒಲೆ ಹೊತ್ತಿಸಿ. ಹಂಡೆ ನೀರು ಕಾಯುವ ಮನೆಗೆ ಹೊಗೆಯ ವಾಸನೆ ಇರುತ್ತದೆ, ಗೋಡೆ ಬೆಚ್ಚಗಿರುತ್ತದೆ. ಅಂಗಡಿಯಿಂದ ತಂದ ಸೆಂಟ್ ಹೊಡೆಯಬೇಡಿ. ಮೂಗಿರುವವರು "ಏನು ಮುಚ್ಚಿಡ್ತಿದ್ದಾರೆ" ಎಂದೇ ಯೋಚಿಸುತ್ತಾರೆ.

ಪೇಂಟ್ ವಿಷಯವೂ ಹಾಗೇ. ಒದ್ದೆ ಗೋಡೆಗೆ ಜುಲೈನಲ್ಲಿ ಪೇಂಟ್ ಹೊಡೆಸಿದರೆ ತಿಂಗಳೊಳಗೆ ಗುಳ್ಳೆ ಏಳುತ್ತದೆ. ಮೊದಲು ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕಿ. ಹಂಚು ಒಡೆದಿದೆಯೋ, ಸೂರಿನ ನೀರು ಹಿಡಿಯುವ ದೋಣಿ ತಗಡು ತುಂಬಿದೆಯೋ, ಹಿಂದಿನ ಚರಂಡಿ ಕಟ್ಟಿದೆಯೋ. ಪೇಂಟ್ ಕೆಲಸವನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಇಟ್ಟುಕೊಳ್ಳಿ. ಮಾಡಿದರೆ ಇಡೀ ಕೋಣೆಗೆ ಮಾಡಿ. ಒಂದೇ ಗೋಡೆ ಹೊಸದಾಗಿ ಹೊಳೆಯುತ್ತಿದ್ದರೆ ಬಂದವರು ಆ ಗೋಡೆಯನ್ನೇ ತಟ್ಟಿ ನೋಡುತ್ತಾರೆ. ನಾನೂ ಹಾಗೇ ಮಾಡುತ್ತೇನೆ.

ಮನೆ ಮಾರುವವರು ಮಳೆ ಮುಗಿಯಲಿ, ಡಿಸೆಂಬರಿನ ಬಿಸಿಲಿಗೆ ತೋರಿಸೋಣ ಎಂದು ಕಾಯುತ್ತಾರೆ. ಎಲ್ಲರೂ ನಮಗೆ ಕೊಟ್ಟ ಸಲಹೆ ಅದೇ. ನಾನು ಇದನ್ನು ಒಪ್ಪುವುದಿಲ್ಲ. 2018ರ ಆಗಸ್ಟ್ ಆದ ಮೇಲೆ ಕೊಡಗಿನಲ್ಲಿ ಮನೆ ಕೊಳ್ಳುವವರ ತಲೆಯಲ್ಲಿ ಮೊದಲು ಇರುವುದು ಮಳೆ. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದ ಚಿತ್ರಗಳನ್ನು ನೋಡದವರು ಯಾರಿದ್ದಾರೆ? ಕುಶಾಲನಗರದಲ್ಲಾದರೆ ಬರೆಯ, ಅಂದರೆ ಮನೆ ಪಕ್ಕ ಗುಡ್ಡ ಕಡಿದಲ್ಲಿ ನಿಲ್ಲುವ ಮಣ್ಣಿನ ಗೋಡೆಯ, ಪ್ರಶ್ನೆ ಇಲ್ಲ, ಹೊಳೆಯ ಪ್ರಶ್ನೆ ಇದೆ. 2018, 2019 ಎರಡೂ ವರ್ಷ ಅಲ್ಲಿ ಕಾವೇರಿ ಬಡಾವಣೆಗಳಿಗೆ ನುಗ್ಗಿದಳು. ಬಿಸಿಲಿನಲ್ಲಿ ಮನೆ ನೋಡಿದವನಿಗೆ ಈ ಅನುಮಾನ ಹೋಗುವುದಿಲ್ಲ. ಬಾಯಿ ಬಿಟ್ಟು ಕೇಳುವುದೂ ಇಲ್ಲ, ಸುಮ್ನೆ "ರೇಟು ಜಾಸ್ತಿ ಆಯ್ತು" ಎಂದು ಹೊರಡುತ್ತಾನೆ. ನಿಮ್ಮ ಮಾಡು, ಅಂದರೆ ಮನೆಯ ಸೂರು, ಗಟ್ಟಿಯಿದ್ದರೆ, ಬರೆ ಗಟ್ಟಿಯಿದ್ದರೆ, ಜುಲೈನಲ್ಲೇ ಕರೆಯಿರಿ. ಆಷಾಢ, ಕೊಡವರ ಕಕ್ಕಡ ಮಾಸ ಎಂದು ಆ ತಿಂಗಳು ಯಾರೂ ಅಡ್ವಾನ್ಸ್ ಕೊಡುವುದಿಲ್ಲ, ನಿಜ. ನೋಡಿ ಹೋಗುವುದಕ್ಕೆ ಅಡ್ಡಿಯಿಲ್ಲವಲ್ಲ.

ನಮ್ಮ ಮನೆ ಕೊಂಡವರು ನೋಡಲು ಬಂದದ್ದು 2023ರ ಜುಲೈನಲ್ಲಿ, ಬೆಳಗಿನಿಂದ ಬಿಡದೆ ಹೊಡೆಯುತ್ತಿದ್ದ ಮಳೆಯಲ್ಲಿ. ಹಳ್ಳಿ ಕಡೆಯ ಬೆಳೆಗಾರರು. ಮಕ್ಕಳ ಸ್ಕೂಲಿಗೆ ಪೇಟೆಯಲ್ಲಿ ಒಂದು ಮನೆ ಬೇಕಿತ್ತು. ಯಜಮಾನರು ಕೊಡೆ ಮಡಚಿಟ್ಟವರೇ ನಡುಮನೆ, ಅಡುಗೆಮನೆ ಯಾವುದನ್ನೂ ನೋಡದೆ "ಏಣಿ ಇದೆಯಾ?" ಎಂದರು. ಅಟ್ಟ ಹತ್ತಿ, ಟಾರ್ಚ್ ಹಾಕಿ ಮಾಡಿನ ಮರಗಳಾದ ಪಕಾಸು, ರೀಪು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿದರು. ಕಾಲು ಗಂಟೆ ಇಳಿಯಲೇ ಇಲ್ಲ. ಆಮೇಲೆ ಹಿಂದೆ ಹೋಗಿ ಮಳೆಯಲ್ಲೇ ನಿಂತು ಬರೆಯ ನೀರು ಚರಂಡಿಗೆ ಹೇಗೆ ಇಳಿಯುತ್ತದೆ ಎಂದು ನೋಡಿದರು. ತಡೆಗೋಡೆಯ ತೂತುಗಳಿಂದ ನೀರು ಸರಾಗ ಬರುತ್ತಿತ್ತು. ಹಿಂದಿನ ವಾರವಷ್ಟೇ ಅವನ್ನು ಕಡ್ಡಿ ಹಾಕಿ ಬಿಡಿಸಿದ್ದೆವು. ಆ ತೂತು ಮುಚ್ಚಿಹೋದರೆ ಗೋಡೆ ಹಿಂದೆ ನೀರು ನಿಂತು ಗೋಡೆಯನ್ನೇ ತಳ್ಳುತ್ತದೆ.

ಬರೆಯ ಬಗ್ಗೆ ಇನ್ನೊಂದು ಮಾತು. ಕಾರು ನಿಲ್ಲಿಸಲು ಜಾಗ ಇದ್ದರೆ ಬೆಲೆ ಜಾಸ್ತಿ ಬರುತ್ತದೆ ಎಂದು ಮಾರುವ ಮುಂಚೆ ಜೆಸಿಬಿ ತಂದು ಬರೆ ಕಡಿಸುವವರಿದ್ದಾರೆ. ದಯವಿಟ್ಟು ಬೇಡ. ಹಸಿ ಮಣ್ಣು ಕಾಣುವ ಬರೆ ಯಾವ ಗಿರಾಕಿಯನ್ನಾದರೂ ಓಡಿಸುತ್ತದೆ. ಅಷ್ಟೇ ಅಲ್ಲ, ಮುಂದಿನ ಮಳೆಗೆ ಅದು ಕೆಳಗೂ ಬರಬಹುದು. ಲಾವಂಚದ ಹುಲ್ಲು ನೆಡಿ, ಬೇರು ಆಳಕ್ಕೆ ಹೋಗಿ ಮಣ್ಣು ಹಿಡಿಯುತ್ತದೆ.

ಈ ಗಿರಾಕಿ ನಮಗೆ ಸಿಕ್ಕಿದ್ದು ಬ್ರೋಕರ್ ಕಡೆಯಿಂದಲ್ಲ. ಮೊದಲ ವರ್ಷ ಮೂರು ಬ್ರೋಕರುಗಳಿಗೆ ಹೇಳಿದ್ದೆವು. ಒಬ್ಬ 80 ಎಂದ, ಒಬ್ಬ 85, ಇನ್ನೊಬ್ಬ ತನ್ನದೂ ಸೇರಿಸಿ 92 ಲಕ್ಷ. ಶುಕ್ರವಾರದ ಸಂತೆಯಲ್ಲಿ ಒಬ್ಬರಿಗೇ ಮೂರೂ ರೇಟು ಸಿಕ್ಕಿತು. ಅವರು ನಮ್ಮನ್ನೇ ಮೋಸಗಾರರು ಎಂದುಕೊಂಡರು. ಒಬ್ಬರಿಗೆ ಮಾತ್ರ ಕೊಡಿ, ಬೆಲೆ ಎಷ್ಟು, ಕಮಿಷನ್ ಎಷ್ಟು, ಎಷ್ಟು ತಿಂಗಳು ಎಂದು ಕಾಗದದಲ್ಲಿ ಬರೆದುಕೊಡಿ. ಕಮಿಷನ್ ಸಾಮಾನ್ಯವಾಗಿ 1ರಿಂದ 2%. ಕೊನೆಗೆ ಬೆಳೆಗಾರರಿಗೆ ನಮ್ಮ ಮನೆ ವಿಷಯ ಹೇಳಿದ್ದು ನಮ್ಮ ಹಂಚು ಬದಲಿಸಿದವನು. ಅವರ ತೋಟದ ಆಳುಗಳಿರುವ ಲೈನ್ ಮನೆಗಳ ಕೆಲಸವೂ ಅವನದೇ. "ಆ ಮನೆ ಮಾಡು ನಾನೇ ನೋಡಿದ್ದೇನೆ" ಎಂದು ಅವನು ಹೇಳಿದ ಒಂದು ಮಾತಿಗೆ ಹತ್ತು ಜಾಹೀರಾತಿನ ಬೆಲೆಯಿತ್ತು. ಹಾಗಾಗಿ ಹಾಲಿನವರಿಗೆ, ಪ್ಲಂಬರಿಗೆ, ಪಕ್ಕದ ಮನೆಯವರಿಗೆ ಮೊದಲು ಹೇಳಿ. ಪಕ್ಕದವರು ತಾವೇ ಕೊಂಡರೂ ಆಶ್ಚರ್ಯವಿಲ್ಲ.

ಬೆಲೆಯಲ್ಲಿ ನಾವು ಮಾಡಿದ ತಪ್ಪು ದೊಡ್ಡದು. 85 ಲಕ್ಷ ಎಂದು ಶುರು ಮಾಡಿದೆವು. ಯಾಕೆ 85? ಕೆಳಗಿನ ರಸ್ತೆಯವರು ಅಷ್ಟು ಹೇಳುತ್ತಿದ್ದರು. ಅವರೂ ಮಾರಿರಲಿಲ್ಲ! ಮಾರದ ಮನೆಯ ರೇಟು ರೇಟಲ್ಲ, ಆಸೆ. ಅಕ್ಕಪಕ್ಕ ನಿಜವಾಗಿ ರಿಜಿಸ್ಟರ್ ಆದದ್ದು ಎಷ್ಟಕ್ಕೆ ಎಂದು ವಿಚಾರಿಸಿ, ಸರ್ಕಾರದ ಮಾರ್ಗಸೂಚಿ ದರವನ್ನೂ ನೋಡಿಕೊಳ್ಳಿ. ಆಮೇಲೆ 82, 80, 78 ಎಂದು ಮೂರು ಮೂರು ತಿಂಗಳಿಗೆ ಇಳಿಸಿದೆವು. ಊರಿಗೆಲ್ಲ ಗೊತ್ತಾಯಿತು. ಇನ್ನೂ ಇಳಿಯುತ್ತದೆ, ಕಾಯೋಣ ಎಂದು ಎಲ್ಲರೂ ಕೂತರು. ಇಳಿಸುವುದಾದರೆ ಒಂದೇ ಸಲ, ಬಂದವರಿಗೆ ಹೌದು ಅನ್ನಿಸುವ ಮಟ್ಟಕ್ಕೆ ಇಳಿಸಿ ನಿಲ್ಲಿ.

ನಾವು ಕೊನೆಗೆ ಕೊಟ್ಟದ್ದು 68ಕ್ಕೆ. ನಮ್ಮವರಿಗೆ ಒಂದು ವಾರ ಊಟ ಸೇರಲಿಲ್ಲ. ನಾನು ಪೆನ್ನು ಹಿಡಿದು ಲೆಕ್ಕ ತೋರಿಸಿದೆ. 68 ಲಕ್ಷ 7% ಬಡ್ಡಿಗೆ ಇದ್ದರೆ ವರ್ಷಕ್ಕೆ 4 ಲಕ್ಷ 76 ಸಾವಿರ. ಮನೆ ಕಾಯುವ ಸಂಬಳ, ಹಂಚು, ಕಂದಾಯ, ಕರೆಂಟಿನ ಮಿನಿಮಮ್ ಸೇರಿ ಇನ್ನೊಂದು ಲಕ್ಷದ ಹತ್ತಿರ. ಅಂದರೆ ಎರಡು ವರ್ಷ ಹಟ ಹಿಡಿದರೆ ಹನ್ನೊಂದು ಲಕ್ಷ ಮಳೆನೀರಿನ ಜೊತೆ ಹರಿದಹಾಗೆ. ಕೊಳ್ಳುವವರ ಕಷ್ಟವೂ ತಲೆಯಲ್ಲಿರಲಿ. ನೋಂದಣಿ ಶುಲ್ಕ ಆಗ 1% ಇದ್ದದ್ದು 2025ರ ಆಗಸ್ಟ್ 31ರಿಂದ 2% ಆಗಿದೆ. ಸ್ಟಾಂಪ್ ಡ್ಯೂಟಿ, ಸೆಸ್ಸು ಸೇರಿದರೆ 45 ಲಕ್ಷ ಮೀರಿದ ಮನೆಗೆ ಏಳೂವರೆ ಪರ್ಸೆಂಟಿಗೂ ಜಾಸ್ತಿ. ನಿಮಗೆ ಕೊಡುವ ಹಣದ ಮೇಲೆ ಅವರು ಇಷ್ಟನ್ನೂ ಹೊಂದಿಸಬೇಕು.

ನಮ್ಮ ಊರಿನವರು ಹಣ ಹೊಂದಿಸುವುದು ಕಾಫಿಯಿಂದ. ರೊಬಸ್ಟಾ ಕೊಯ್ದು, ಒಣಗಿಸಿ, ಮಾರಿ ಕೈಗೆ ದುಡ್ಡು ಬರುವುದು ಫೆಬ್ರವರಿ ಕಳೆದ ಮೇಲೆ. 2024ರಲ್ಲಂತೂ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕಿಲೋ ಚೀಲಕ್ಕೆ 10,000 ರೂಪಾಯಿ ದಾಟಿತ್ತು. ನಮ್ಮ ಗಿರಾಕಿ ಅಡ್ವಾನ್ಸ್ ಕೊಟ್ಟದ್ದು ಅಕ್ಟೋಬರಿನ ಕಾವೇರಿ ಸಂಕ್ರಮಣ ಕಳೆದು ನವೆಂಬರಿನಲ್ಲಿ, ಉಳಿದದ್ದು ಏಪ್ರಿಲ್‌ನಲ್ಲಿ. ಊರಿನ ಗಿರಾಕಿಗೆ ಇಂಥ ಗಡುವು ಕೊಡಿ. ಮೂರೇ ತಿಂಗಳಲ್ಲಿ ಎಂದು ಹಟ ಮಾಡಿದರೆ ಅವರು ಕಾಫಿಯನ್ನು ಹಸಿಯಾಗಿ ಮಾರಬೇಕಾಗುತ್ತದೆ, ಅದಕ್ಕೆ ಯಾರು ಒಪ್ಪುತ್ತಾರೆ?

ನಡುವಿನ ಆ ತಿಂಗಳುಗಳು ನಮಗೂ ಬೇಕಾಗಿ ಬಂದವು. 1996ರಲ್ಲಿ ಮನೆ ಮೇಲೆ ಸಾಲ ಮಾಡಿದ್ದೆವು, 2007ರಲ್ಲಿ ತೀರಿಸಿದ್ದೆವು. ಪತ್ರ ವಾಪಸ್ ಬಂದಿತ್ತು, ಮರೆತಿದ್ದೆವು. ಆದರೆ ಸಾಲ ತೀರಿದ್ದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಾಗಿಯೇ ಇರಲಿಲ್ಲ. ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸುವ ಇ.ಸಿ. ತೆಗೆಸಿದರೆ ಅಡಮಾನ ಹಾಗೇ ಕೂತಿದೆ! ನಮ್ಮ ಗಿರಾಕಿಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ಅಲ್ಲೇ ನಿಲ್ಲಿಸಿದರು. ಹಳೇ ಲೆಡ್ಜರ್ ಹುಡುಕಿಸಿ ಋಣಮುಕ್ತ ಪತ್ರ ಮಾಡಿಸಲು ನಮಗೆ ಮೂರೂವರೆ ತಿಂಗಳು ಬೇಕಾಯಿತು. ಬೋರ್ಡ್ ಹಾಕುವ ಮೊದಲೇ ಇ.ಸಿ. ತೆಗೆಸಿ ಒಂದೊಂದು ಸಾಲೂ ಓದಿ. ಇ-ಖಾತೆ ಇಲ್ಲದೆ ಈಗ ನೋಂದಣಿಯಾಗುವುದಿಲ್ಲ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ 9 ಮತ್ತು 11ನೇ ನಮೂನೆ ಬೇಕು. ಜೊತೆಗೆ ತೋಟ ಇದ್ದರೆ ಪಹಣಿಯ 11ನೇ ಕಾಲಂ ನೋಡಿ, ಯಾವುದೋ ಕಾಲದ ಸೊಸೈಟಿ ಸಾಲ ಅಲ್ಲಿರಬಹುದು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗವಾದರೆ ಕುಟುಂಬದ ಹಲವರ ಹೆಸರು ಒಟ್ಟಿಗೆ ಇರುತ್ತದೆ, ತೀರಿಹೋದವರದೂ ಸೇರಿ. ಹೆಣ್ಣುಮಕ್ಕಳನ್ನು ಬಿಡದೆ ಎಲ್ಲರ ಒಪ್ಪಿಗೆ ಮೊದಲೇ ಕೇಳಿಕೊಳ್ಳಿ. ಗಿರಾಕಿ ಬಂದ ಮೇಲೆ ಕೇಳಿದರೆ ಒಬ್ಬೊಬ್ಬರದೂ ಒಂದೊಂದು ರೇಟು. ಬೇಲಿಯೊಳಗೆ ಸೇರಿಕೊಂಡ ಪೈಸಾರಿಯನ್ನು, ಅಂದರೆ ಸರ್ಕಾರಿ ಜಾಗವನ್ನು, ನಿಮ್ಮದೆಂದು ತೋರಿಸಬೇಡಿ, ಸರ್ವೆ ದಿನ ಮುಖ ಕೆಡುತ್ತದೆ.

ಹಣದ ವಿಷಯ ಚುಟುಕಾಗಿ. ಮನೆ, ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲೆ ನಗದು ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಅಷ್ಟೇ ದಂಡ ಬೀಳಬಹುದು. 50 ಲಕ್ಷ ಮುಟ್ಟಿದ ಮನೆಗೆ ಕೊಳ್ಳುವವರು 1% ತೆರಿಗೆ ಹಿಡಿದು ಕಟ್ಟುತ್ತಾರೆ. ನಮಗೆ 68,000 ಹಿಡಿದಾಗ ನಮ್ಮವರು ಜಗಳಕ್ಕೇ ನಿಂತಿದ್ದರು. ಅದು ನಮ್ಮ ಪ್ಯಾನ್ ಲೆಕ್ಕಕ್ಕೆ ಜಮೆಯಾಗುತ್ತದೆ, ಹೆದರಬೇಡಿ. ಲಾಭದ ಮೇಲಿನ ತೆರಿಗೆ ಬೇರೆ. ಬಂದ ಲಾಭದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿದರೆ ವಿನಾಯಿತಿ ಇದೆ. ಕರಾರು ಮಾಡುವ ಮೊದಲೇ ಆಡಿಟರ್ ಹತ್ತಿರ ಹೋಗಿ ಬನ್ನಿ.

ಒಂದು ವಸ್ತುವಿನ ಬಗ್ಗೆ ಹೇಳಲೇಬೇಕು. ನಮ್ಮವರು ಇಲ್ಲಿನ ಎಷ್ಟೋ ಮನೆಯವರ ಹಾಗೆ ಅಂಗಳದಲ್ಲಿ ಮಳೆ ಮಾಪಕ ಇಟ್ಟು, ದಿನಾ ಬೆಳಿಗ್ಗೆ ಇಂಚು, ಸೆಂಟು (ಇಂಚಿನ ನೂರನೇ ಭಾಗ) ಬರೆದಿಡುತ್ತಿದ್ದರು. ಪಕ್ಕದಲ್ಲಿ ಒಂದೊಂದು ಸಾಲು: "ಅಡುಗೆಮನೆ ಮೂಲೆ ಸೋರಿತು, ಎರಡು ಹಂಚು ಬದಲು." "ಹಿಂದಿನ ಚರಂಡಿ ತುಂಬಿತು." "ಬರೆ ಹಾಗೇ ಇದೆ." ಆ ಜುಲೈನಲ್ಲಿ ಬೆಳೆಗಾರರು ಅಟ್ಟದಿಂದ ಇಳಿದು ಕೈ ಒರೆಸಿಕೊಳ್ಳುವಾಗ ನಾನು 2018ರ ಪುಸ್ತಕ ತೆಗೆದು ಮುಂದಿಟ್ಟೆ. ಸೋರಿದ್ದನ್ನು ತೋರಿಸಬೇಡ ಎಂದು ನಮ್ಮವರು ಕಣ್ಣಲ್ಲೇ ಹೇಳುತ್ತಿದ್ದರು. ಬೆಳೆಗಾರರು ಆಗಸ್ಟ್ ತಿಂಗಳ ಎರಡು ಪುಟ ಓದಿದರು. ಸೋರಿದ ಮೂಲೆ ಯಾವುದು ಎಂದು ಕೇಳಿ, ಹೋಗಿ ನೋಡಿ ಬಂದರು.

ಏಪ್ರಿಲ್‌ನಲ್ಲಿ ಬೀಗದ ಕೈ ಕೊಟ್ಟ ದಿನ ನಮ್ಮವರು ಅಂಗಳದಲ್ಲಿ ಮಳೆ ಮಾಪಕ ಬಿಚ್ಚುತ್ತಿದ್ದರು. ಹೊಸ ಯಜಮಾನರು, "ಮಾವ, ಅದು ಅಲ್ಲೇ ಇರಲಿ, ಪುಸ್ತಕಾನೂ ಬಿಟ್ಟು ಹೋಗಿ" ಎಂದರು. ಮಾಪಕ ಬಿಟ್ಟು ಬಂದೆವು. ಪುಸ್ತಕಗಳ ಜೆರಾಕ್ಸ್ ಕೊಟ್ಟೆವು.